ಮಣೆ ಬಿಟ್ಟೆದ್ದ ಮಾತುಗಳು

ಬೆಳಗಿನಿಂದ ಸಂಜೆಯ ತನಕ ‘ಚೆಕ್’ ಎಂಬ ಮಾತನ್ನು ನಾವು ಎಷ್ಟು ಸಲ ಆಡುತ್ತೇವೆ, ಎಷ್ಟು ಸಲ ಕೇಳುತ್ತೇವೆ ಎಂಬುದನ್ನು ವಾಚಕರು ಎಂದಾದರೂ ಲೆಕ್ಕ ಹಾಕಿರುವರೆ? ನಾನು ವಾಸವಾಗಿರುವ ರಾಜಾಜಿನಗರದ ಒಂದು ದಿನವನ್ನೇ ತೆಗೆದುಕೊಳ್ಳೋಣ. ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಕಾವಲಿನವರು ಚೀಲವನ್ನು ಚೆಕ್ ಮಾಡುತ್ತಾರೆ. ಬಸ್ಸು ಹತ್ತಿದರೆ ನಡುದಾರಿಯಲ್ಲಿ ಚೆಕಿಂಗಿನವರು ಏರಿ ಟಿಕೆಟು ತೋರಿಸಿರೆನ್ನುತ್ತಾರೆ. ಬ್ಯಾಂಕಿನಲ್ಲಿ ಬರೆದುಕೊಡುವುದು ಇನ್ನೊಂದು ಬಗೆಯ ಚೆಕ್ಕು. ಇಎಸ್‌ಐ ಆಸ್ಪತ್ರೆಯ ಮುಂದೆ ಸಾಲಾಗಿ ನಿಂತವರು ಬಂದಿರುವುದು ಚೆಕಪ್ಪಿಗಾಗಿ. ಬಟ್ಟೆಯ ಅಂಗಡಿಗೆ ಹೊಕ್ಕರೆ ಚೆಕ್ಸ್ ಅಂಗಿ. ಸಂಜೆ ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ, ನಡುಮನೆಯಲ್ಲಿ ಚದುರಂಗದ ಮಣೆಯ ಮುಂದೆ ಕುಳಿತ ಹುಡುಗನೊಬ್ಬ ‘ಚೆಕ್!’ ಎಂದು ಕೂಗುತ್ತಾನೆ.

ಇವು ಆರು ಮಾತುಗಳಲ್ಲ, ಒಂದೇ ಮಾತು. ಇವುಗಳಲ್ಲಿ ತವರುಮನೆ ಯಾವುದೆಂದರೆ, ಆಫೀಸಲ್ಲ, ಬ್ಯಾಂಕಲ್ಲ, ಆಸ್ಪತ್ರೆಯಲ್ಲ; ಆ ಹುಡುಗನ ಮುಂದಿರುವ ಅರುವತ್ತನಾಲ್ಕು ಮನೆಗಳ ಮಣೆ. ಮಣೆಯಿಂದ ಎದ್ದ ಮಾತೊಂದು ಲೋಕವನ್ನೆಲ್ಲ ಸುತ್ತಿ, ಖಜಾನೆಗೆ ನುಗ್ಗಿ, ಅಂಗಿಯ ಮೇಲೆ ಕುಳಿತು, ಕೊನೆಗೆ ನಮ್ಮ ಬಸ್ಸನ್ನೂ ಏರಿದ ಬಗೆ ಯಾವ ಧಾರಾವಾಹಿ ಕಥೆಗೂ ಕಡಮೆಯಾದುದಲ್ಲ. ಈ ವಾರ ಆ ಕಥೆಯನ್ನೂ, ಅದರ ಜೊತೆಗೆ ನಮ್ಮ ಜಗಲಿಯ ಮೇಲಿನ ಆಟದ ಮಾತುಗಳ ಗತಿಯನ್ನೂ ನೋಡೋಣ.

ಚತುರಂಗವು ಹುಟ್ಟಿದುದು ಭರತಖಂಡದಲ್ಲಿ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಹೆಚ್ಚಿನವರು ಒಮ್ಮತದಿಂದಿದ್ದಾರೆ. ಏಳನೆಯ ಶತಮಾನದ ಬಾಣಕವಿಯ ‘ಹರ್ಷಚರಿತ’ದಲ್ಲಿ ಅದರ ಮಾತು ಬಂದಿದೆ. ನಮ್ಮ ನಾಡಿನ ಮಟ್ಟಿಗೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಅರಸನಾದವನ ವಿನೋದಗಳನ್ನು ಹೇಳುವಾಗ, ಚತುರಂಗಕ್ಕೂ ಪಗಡೆಗೂ ಕವಡೆಯಾಟಕ್ಕೂ ಎಡೆ ದೊರೆತಿದೆ. ಈ ಆಟ ಪಾರಸಿಕರ ದೇಶಕ್ಕೆ ಹೋದಾಗ ರಾಜನು ‘ಶಾಹ್’ ಆದನು. ಬಾದಶಹ ಎನ್ನುವಲ್ಲಿ ನಾವು ಕೇಳುವ ಶಹ ಅದೇ. ಎದುರಾಳಿಯ ರಾಜನಿಗೆ ಅಪಾಯ ಒದಗಿದಾಗ ‘ಶಾಹ್’ ಎಂದು ಎಚ್ಚರಿಸುವುದು ಅಲ್ಲಿಯ ಪದ್ಧತಿ. ರಾಜನಿಗೆ ದಾರಿಯೇ ಇಲ್ಲವಾದಾಗ ‘ಶಾಹ್ ಮಾತ್’, ಅಂದರೆ ರಾಜನು ಗತಿಗೆಟ್ಟನು. (ಈ ‘ಮಾತ್’ಗೂ ನಮ್ಮ ಮಾತಿಗೂ ನಂಟಿಲ್ಲ.) ಅರಬರ ಮೂಲಕ ಯೂರೋಪನ್ನು ಸೇರಿ, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಎಂಬ ರೂಪವನ್ನು ತಾಳಿ, ಇಂಗ್ಲೆಂಡಿಗೆ ಬಂದಾಗ ‘ಶಾಹ್’ ಎಂಬುದು ‘ಚೆಕ್’ ಆಯಿತು, ಅದರ ಬಹುವಚನವೇ ‘ಚೆಸ್’ ಎಂಬ ಆಟದ ಹೆಸರಾಯಿತು. ‘ಶಾಹ್ ಮಾತ್’ ಎಂಬುದು ಚೆಕ್‌ಮೇಟ್ ಆಯಿತು. ಇಂದು ನಮ್ಮ ಪತ್ರಿಕೆಗಳು ‘ಎದುರಾಳಿಗೆ ಚೆಕ್‌ಮೇಟ್’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವಾಗ, ಆ ಎರಡು ಪದಗಳ ಹಿಂದೆ ಇಷ್ಟು ದೇಶಗಳ ಧೂಳು ಇದೆ.

ರಾಜನನ್ನು ತಡೆದು ನಿಲ್ಲಿಸುವ ಮಾತು ಕ್ರಮೇಣ ಯಾರನ್ನಾದರೂ ತಡೆದು ನಿಲ್ಲಿಸುವ ಮಾತಾಯಿತು. ಮೋಸವನ್ನು ತಡೆಯಬೇಕಾದರೆ ನಿಲ್ಲಿಸಿ ನೋಡಬೇಕಷ್ಟೆ; ಆದುದರಿಂದ ಪರೀಕ್ಷಿಸಿ ನೋಡುವುದೂ ‘ಚೆಕ್’ ಆಯಿತು. ಚೆಕಿಂಗಿನವರು ಬಸ್ಸನ್ನು ತಡೆದು ಟಿಕೆಟು ನೋಡುವಾಗ, ಪದದ ಹಳೆಯ ಅರ್ಥವನ್ನೂ ಹೊಸ ಅರ್ಥವನ್ನೂ ಒಟ್ಟಿಗೇ ನಡೆಸಿಕೊಡುತ್ತಾರೆ.

ಬ್ಯಾಂಕಿನ ಚೆಕ್ಕಿನ ಕಥೆ ಇನ್ನೂ ಸ್ವಾರಸ್ಯವಾದುದು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ಅರಸನ ಕಂದಾಯದ ಲೆಕ್ಕವನ್ನು ಒಂದು ದೊಡ್ಡ ಮೇಜಿನ ಮೇಲೆ ಮಾಡುತ್ತಿದ್ದರು. ಅದರ ಮೇಲೆ ಗೆರೆ ಎಳೆದ ಕರಿಯ ಬಟ್ಟೆಯನ್ನು ಹಾಸಿ, ಆ ಮನೆಗಳಲ್ಲಿ ಬಿಲ್ಲೆಗಳನ್ನು ಇಟ್ಟು ಸರಿಸಿ ಎಣಿಸುವುದು ಕ್ರಮ. ಖಜಾನೆಯ ಅಧಿಕಾರಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಎಂಬಾತ ಅದೇ ಶತಮಾನದ ಕೊನೆಯ ಭಾಗದಲ್ಲಿ ಈ ಕಚೇರಿಯ ವ್ಯವಹಾರವನ್ನು ಗುರುಶಿಷ್ಯ ಸಂವಾದದ ರೂಪದಲ್ಲಿ ಬರೆದಿಟ್ಟಿದ್ದಾನೆ. ಮೇಜು ಸುಮಾರು ಹತ್ತಡಿ ಉದ್ದ, ಐದಡಿ ಅಗಲವಂತೆ. ಅದು ಚದುರಂಗದ ಮಣೆಯಂತೆ ಕಾಣುತ್ತಿದ್ದುದರಿಂದ ಕಚೇರಿಗೇ ಆ ಹೆಸರು ಬಂದಿತು, ಅದೇ ‘ಎಕ್ಸ್‌ಚೆಕರ್’. ಅಲ್ಲಿಯೂ ಒಂದು ಕಾಳಗ ನಡೆಯುತ್ತದೆ, ಒಂದು ಕಡೆ ಖಜಾನೆಯ ಅಧಿಕಾರಿ, ಇನ್ನೊಂದು ಕಡೆ ಲೆಕ್ಕ ಒಪ್ಪಿಸಬೇಕಾದ ಜಿಲ್ಲೆಯ ಅಧಿಕಾರಿ ಎಂಬ ಅರ್ಥದ ಮಾತನ್ನೂ ಅವನು ಸೇರಿಸಿದ್ದಾನೆ. ಆಡಿಟ್ಟಿನ ದಿನ ಎಂದಾದರೂ ಕಚೇರಿಯಲ್ಲಿದ್ದವರು ಈ ಉಪಮೆಯನ್ನು ಮೆಚ್ಚದೆ ಇರಲಾರರು. ಮುಂದೆ ಹಣದ ಕಾಗದಗಳನ್ನು ಯಾರೂ ತಿದ್ದದಂತೆ ತಡೆಯಲು ಇಟ್ಟುಕೊಳ್ಳುತ್ತಿದ್ದ ಪ್ರತಿಪತ್ರಕ್ಕೆ ‘ಚೆಕ್’ ಎಂದು ಹೆಸರಾಗಿ, ಆ ಹೆಸರು ಕಾಗದಕ್ಕೇ ಅಂಟಿತು. ಇಂಗ್ಲೆಂಡಿನವರು ಅದರ ಕಾಗುಣಿತವನ್ನು ಖಜಾನೆಯ ಹೆಸರಿನ ಮಾದರಿಗೆ ತಿರುಗಿಸಿಕೊಂಡರು. ಮಣೆಯ ಹಾಗೆ ಮನೆಮನೆಯಾಗಿ ನೇಯ್ದ ಬಟ್ಟೆ ಚೆಕ್ಸ್ ಆಯಿತು. ನಮ್ಮ ಅಜ್ಜಿಯರು ಅದನ್ನು ಚೌಕಳಿ ಸೀರೆ ಎನ್ನುತ್ತಿದ್ದರು.

ಇನ್ನು ಕಚೇರಿಯೊಳಗೆ ಬಂದೆವಾದುದರಿಂದ ಬಾಗಿಲಲ್ಲಿ ಕುಳಿತಿರುವ ಪ್ಯೂನನನ್ನು ಮಾತನಾಡಿಸದೆ ಹೋಗುವುದು ಸಲ್ಲದು. ಚದುರಂಗದಲ್ಲಿ ಎಲ್ಲಕ್ಕೂ ಮುಂದೆ ನಿಂತು ಎಲ್ಲಕ್ಕೂ ಮೊದಲು ಸಾಯುವ ಕಾಯಿಯನ್ನು ನಾವು ಕಾಲಾಳು ಎನ್ನುತ್ತೇವೆ, ಸಂಸ್ಕೃತದಲ್ಲಿ ಪದಾತಿ. ಇಂಗ್ಲಿಷಿನಲ್ಲಿ ಅದಕ್ಕೆ ‘ಪಾನ್’ ಎಂದು ಹೆಸರು. ಲ್ಯಾಟಿನಿನಲ್ಲಿ ‘ಪೆಡ್’ ಎಂದರೆ ಕಾಲು. ಕಾಲಿನಿಂದ ನಡೆಯುವ ಸಿಪಾಯಿ ಹಳೆಯ ಫ್ರೆಂಚಿನ ಮೂಲಕ ‘ಪಾನ್’ ಆದನು. ಅದೇ ಪದ ಪೋರ್ಚುಗೀಸರ ನಾಲಗೆಯ ಮೇಲೆ ಬೇರೊಂದು ರೂಪ ತಾಳಿ, ಅವರ ಹಡಗಿನಲ್ಲಿ ಹಿಂದೂಸ್ಥಾನಕ್ಕೆ ಬಂದು, ಕಚೇರಿಯ ಜವಾನನಾಯಿತು. ಲ್ಯಾಟಿನಿನ ‘ಪೆಡ್’ ಮತ್ತು ಸಂಸ್ಕೃತದ ‘ಪದ್’ ಒಂದೇ ಮೂಲದಿಂದ ಬಂದ ಅಕ್ಕತಂಗಿಯರು. ಹೀಗೆ ಮಣೆಯ ಮೇಲಿನ ಪದಾತಿಯೂ, ಇಂಗ್ಲಿಷಿನ ಪಾನೂ, ತಾಲ್ಲೂಕು ಕಚೇರಿಯಲ್ಲಿ ಫೈಲು ಹೊರುವ ಪ್ಯೂನನೂ ಒಂದೇ ವಂಶದವರು. ಇನ್ನೊಂದನ್ನು ಮಾತ್ರ ಇದರೊಡನೆ ಬೆರೆಸಬಾರದು. ಒಡವೆಯನ್ನು ಅಡವಿಟ್ಟುಕೊಳ್ಳುವ ಗಿರವಿ ಅಂಗಡಿಯ ಮೇಲೆ ‘ಪಾನ್ ಬ್ರೋಕರ್’ ಎಂದು ಬರೆದಿರುತ್ತದಷ್ಟೆ. ಆ ‘ಪಾನ್’ ಬೇರೆಯದು. ಅದು ಒತ್ತೆ ಎಂಬ ಅರ್ಥದ ಇನ್ನೊಂದು ಫ್ರೆಂಚ್ ಪದದಿಂದ ಬಂದುದು. ಉಚ್ಚಾರ ಒಂದೇ ಆದ ಮಾತ್ರಕ್ಕೆ ಕುಲ ಒಂದೇ ಆಗುವುದಿಲ್ಲ.

ನಮ್ಮ ಬಡಾವಣೆಯಲ್ಲಿ ಚೆಕ್ಕಿನಷ್ಟೇ ಓಡಾಡುವ ಇನ್ನೊಂದು ಮಾತೆಂದರೆ ಬೋರ್ಡು. ನಲ್ಲಿಯಲ್ಲಿ ನೀರು ಬಾರದಿದ್ದರೆ ವಾಟರ್ ಬೋರ್ಡಿಗೆ ದೂರು, ಮಕ್ಕಳಿಗೆ ಬೋರ್ಡ್ ಪರೀಕ್ಷೆ, ಬಸ್ಸಿಗೆ ಬೋರ್ಡು, ಪರವೂರಿನವರಿಗೆ ಬೋರ್ಡಿಂಗ್ ಅಂಡ್ ಲಾಡ್ಜಿಂಗ್, ಮಕ್ಕಳ ಆಟಕ್ಕೂ ಬೋರ್ಡು. ಇವೆಲ್ಲದರ ಮೂಲ ಒಂದು ಮರದ ಹಲಗೆ. ಹಲಗೆಯನ್ನು ಊಟಕ್ಕೆ ಹಾಕಿದರೆ ಅದರ ಮೇಲಿನ ಅನ್ನವೇ ಬೋರ್ಡು. ಬೋರ್ಡಿಂಗಿನ ಹುಟ್ಟು ಹಾಗೆ. ಅದರ ಸುತ್ತ ಅಧಿಕಾರಿಗಳು ಕುಳಿತರೆ ಆ ಮಂಡಳಿಯೇ ಬೋರ್ಡು. ಅದರ ಮೇಲೆ ಆಡಿದರೆ ಆಟದ ಬೋರ್ಡು. ವ್ಯವಹಾರ ಶುದ್ಧವಾಗಿದೆ ಎನ್ನಲು ಇಂಗ್ಲಿಷಿನವರು ‘ಅಬೌ ಬೋರ್ಡ್’ ಎನ್ನುತ್ತಾರೆ, ಅಂದರೆ ಹಲಗೆಯ ಮೇಲುಗಡೆ ನಡೆದುದು. ೧೭೫೫ರಲ್ಲಿ ತನ್ನ ನಿಘಂಟನ್ನು ಹೊರತಂದ ಡಾಕ್ಟರ್ ಜಾನ್ಸನ್ ಇದು ಜೂಜುಗಾರರಿಂದ ಬಂದ ಮಾತೆಂದೂ, ಕೈ ಮೇಜಿನ ಕೆಳಗೆ ಹೋಯಿತೆಂದರೆ ಎಲೆ ಬದಲಾಯಿಸುತ್ತಿದ್ದಾನೆಂದೇ ಅರ್ಥವೆಂದೂ ವಿವರಿಸಿದ್ದಾನೆ.

ಕನ್ನಡಿಗರಾದ ನಮಗೆ ಇದರಲ್ಲಿ ಅಚ್ಚರಿಪಡುವಂತಹುದು ಹೆಚ್ಚಿಲ್ಲ. ಏಕೆಂದರೆ ನಮ್ಮಲ್ಲಿ ‘ಮಣೆ’ ಇದೆ. ಊಟಕ್ಕೆ ಕುಳಿತುಕೊಳ್ಳುವುದು ಮಣೆಯ ಮೇಲೆ, ಮದುವೆಗೆ ಏರುವುದು ಹಸೆಮಣೆ, ತರಕಾರಿ ಹೆಚ್ಚುವುದು ಈಳಿಗೆಮಣೆ, ಹೆಣ್ಣುಮಕ್ಕಳು ಆಡುವುದು ಅಳಗುಳಿಮಣೆ. ಹುಣಿಸೆಯ ಬೀಜವನ್ನೋ ಮಂಜಟ್ಟಿಯನ್ನೋ ಏಳೇಳು ಗುಳಿಗಳ ಎರಡು ಸಾಲಿನಲ್ಲಿ ಹಂಚುತ್ತ ಹೋಗುವ ಆ ಆಟಕ್ಕೆ ತುಳುನಾಡಿನಲ್ಲಿ ಚೆನ್ನೆಮಣೆ ಎಂದು ಹೆಸರು. ಅಲ್ಲಿಯ ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಹುಡುಗಿಯರು ಚೆನ್ನೆಯಾಡುವಾಗ ಹುಟ್ಟಿದ ಜಗಳದಲ್ಲಿಯೇ ಸಾವು ಕಂಡರೆಂಬ ಕಥೆಯಿದೆ. ಇಂಗ್ಲಿಷಿನ ಹಲಗೆಯಂತೆ ನಮ್ಮ ಮಣೆಗೂ ಗೌರವದ ಅರ್ಥ ಬಂದಿದೆ. ಹೊಸಬರಿಗೆ ಅವಕಾಶ ಕೊಟ್ಟರೆಂಬುದನ್ನು ‘ಹೊಸಬರಿಗೆ ಮಣೆ ಹಾಕಿದರು’ ಎನ್ನುತ್ತೇವೆ. ಸಮುದ್ರದ ಆಚೆಯ ಜನ ಹಲಗೆಯಿಂದ ಬೆಳೆಸಿದ ಅರ್ಥಗಳನ್ನೇ ನಮ್ಮ ಜನ ಮಣೆಯಿಂದ ತಾವೇ ಬೆಳೆಸಿಕೊಂಡರು. ಒಬ್ಬರು ಇನ್ನೊಬ್ಬರಿಂದ ಕಡ ತಂದುದಲ್ಲ.

ದಾಳಗಳ ಕಡೆಗೆ ತಿರುಗೋಣ. ರಾತ್ರಿಯ ಹೊತ್ತು ಕಾರ್ಡ್ ರಸ್ತೆಯಲ್ಲಿ ಕೆಟ್ಟುನಿಂತ ಲಾರಿಯೊಂದು ನಾಲ್ಕು ಮೂಲೆಯ ದೀಪಗಳನ್ನು ಮಿನುಗಿಸುತ್ತಿರುತ್ತದೆ. ಅದಕ್ಕೆ ಚಾಲಕರೆಲ್ಲರೂ ಹಜಾರ್ಡ್ ಲೈಟ್ ಎನ್ನುತ್ತಾರೆ. ಹಜಾರ್ಡ್ ಎಂದರೆ ಇಂದು ಅಪಾಯ. ಅಂದು ಅದು ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಜನ ಮನೆಮಠ ಕಳೆದುಕೊಳ್ಳುತ್ತಿದ್ದ ಒಂದು ದಾಳದಾಟದ ಹೆಸರು. ಅದರ ಮೂಲ ದಾಳವೆಂಬ ಅರ್ಥದ ಅರಬ್ಬೀ ಪದವೆಂಬುದು ಅನೇಕ ಪಂಡಿತರ ಮತ. ಎಲ್ಲ ಅಸ್ತವ್ಯಸ್ತವಾಗಿದೆ ಎನ್ನಲು ಇಂಗ್ಲಿಷಿನಲ್ಲಿ ‘ಆರು ಏಳುಗಳಲ್ಲಿದೆ’ ಎಂಬ ಅರ್ಥದ ನುಡಿಗಟ್ಟೊಂದುಂಟು. ಅದರ ಹಳೆಯ ರೂಪ ಹದಿನಾಲ್ಕನೆಯ ಶತಮಾನದ ಛಾಸರ್ ಕವಿಯಲ್ಲಿಯೇ ಇದ್ದು, ಅದೂ ದಾಳದ ಎಣಿಕೆಯಿಂದ ಬಂದುದೆಂದು ಹೇಳುತ್ತಾರೆ. ಕ್ರಿ.ಪೂ. ೪೯ರಲ್ಲಿ ಜೂಲಿಯಸ್ ಸೀಸರನು ರೂಬಿಕಾನ್ ಎಂಬ ಹೊಳೆಯನ್ನು ಸೈನ್ಯದೊಡನೆ ದಾಟುವಾಗ ಆಡಿದನೆಂದು ಚರಿತ್ರಕಾರರು ಬರೆದಿರುವುದು, ದಾಳ ಎಸೆದಾಯಿತೆಂಬ ಮಾತನ್ನೇ. ಇನ್ನು ಹಿಂದೆಗೆಯುವಂತಿಲ್ಲ ಎಂದು ಅದರ ಭಾವ.

ದಾಳ ಎಂದೊಡನೆ ನಮ್ಮ ಮನಸ್ಸು ಹಸ್ತಿನಾವತಿಯ ಸಭೆಗೆ ಹೋಗುತ್ತದೆ. ಕನ್ನಡದ ವಿದ್ಯಾರ್ಥಿಗಳಿಗೆ ಇನ್ನೊಂದು ಆಟವೂ ನೆನಪಾಗದೆ ಇರದು. ೯೪೧ರ ಸುಮಾರಿಗೆ ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಭಾನುಮತಿ ಆಟದಲ್ಲಿ ಸೋತು, ಪಣಕ್ಕಾಗಿ ನಡೆದ ಸೆಣಸಾಟದಲ್ಲಿ ಮುತ್ತಿನ ಹಾರ ಹರಿದ ಪ್ರಸಂಗವಿದೆ. ಆಕೆ ಯಾರೊಡನೆ ಆಡುತ್ತಿದ್ದಳು, ಕರ್ಣನೊಡನೆಯೋ ದುರ್ಯೋಧನನೊಡನೆಯೋ ಎಂಬ ಒಂದೇ ಪ್ರಶ್ನೆಯ ಮೇಲೆ ನಮ್ಮ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಪಂಪನು ಆ ಆಟವನ್ನು ಕರೆದಿರುವುದು ‘ನೆತ್ತ’ ಎಂದು. ಎಂ.ಎ. ತರಗತಿಯ ಹೊರಗೆ ಈಗ ಆ ಪದವನ್ನು ಬಲ್ಲವರು ಎಷ್ಟು ಮಂದಿ?

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಜಾರ್ಡ್ ಎಂಬ ಹಳೆಯ ಆಟವನ್ನು ಇಂದು ಇಂಗ್ಲೆಂಡಿನ ಮನೆಗಳಲ್ಲಿ ಆಡುವವರಿಲ್ಲ. ಆದರೆ ಮಾತು ಬದುಕಿ, ಸಪ್ತಸಾಗರ ದಾಟಿ, ಲಾರಿಯ ಬಾಲಕ್ಕೆ ಕುಳಿತಿದೆ. ಪಗಡೆಯನ್ನು ನಾವು ಪೂರ್ತಿ ಮರೆತಿಲ್ಲ. ಆದರೆ ನೆತ್ತ ಸತ್ತಿತು. ಆಟವಳಿದರೂ ಮಾತು ಉಳಿಯುವುದಕ್ಕೆ ಉಪಾಯ ಏನೆಂಬುದು ಈ ಎರಡರ ಹೋಲಿಕೆಯಿಂದಲೇ ತಿಳಿಯುತ್ತದೆ. ಇಂಗ್ಲಿಷು ತನ್ನ ಆಟದ ಮಾತನ್ನು ಮಣೆಯಿಂದ ಎಬ್ಬಿಸಿ ಖಜಾನೆಗೆ, ನ್ಯಾಯಸ್ಥಾನಕ್ಕೆ, ಕಾರ್ಖಾನೆಗೆ ಕಳುಹಿಸಿತು. ಕೆಲಸ ಸಿಕ್ಕಿದ ಮಾತು ಉಳಿಯಿತು. ನಾವು ನಮ್ಮವನ್ನು ಜಗಲಿಯ ಮೇಲೆಯೇ ಬಿಟ್ಟು ಎದ್ದುಬಂದೆವು.

ಸಂಧಾನದ ಮಾತುಕತೆ ಎತ್ತಲೂ ಸಾಗದೆ ನಿಂತಾಗ ‘ಸ್ಟೇಲ್‌ಮೇಟ್ ಆಗಿದೆ’ ಎಂದು ನಮ್ಮವರೂ ಹೇಳುವುದುಂಟು. ೧೯೪೯ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಆರಂಭವಾಗಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನು ಪಡೆದ ಈ ನಗರದಲ್ಲಿ, ಕಾರ್ಮಿಕರಿಗೂ ಮಾಲೀಕರಿಗೂ ಈ ಮಾತು ಹೊಸದಲ್ಲ. ಚದುರಂಗದಲ್ಲಿ ರಾಜನಿಗೆ ನೇರವಾದ ಅಪಾಯವಿಲ್ಲ, ಆದರೆ ಯಾವ ಕಾಯಿಗೂ ನಡೆಯಿಲ್ಲ ಎಂಬ ಸ್ಥಿತಿ ಅದು. ಈಗ ಅದಕ್ಕೆ ಸರಿಸಮ ಎಂದು ತೀರ್ಪು. ಹದಿನೇಳು ಹದಿನೆಂಟನೆಯ ಶತಮಾನಗಳ ಇಂಗ್ಲೆಂಡಿನಲ್ಲಾದರೋ, ಎದುರಾಳಿಯನ್ನು ಹಾಗೆ ಉಸಿರುಕಟ್ಟಿಸಿದವನೇ ಸೋತನೆಂದು ನಿಯಮವಿತ್ತು! ನಮ್ಮ ಹುಲಿಕುರಿಯಾಟವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೂರು ಹುಲಿ, ಹದಿನೈದು ಕುರಿ. ಕುರಿಯ ಮೇಲೆ ಹಾರಿ ಹುಲಿ ಅದನ್ನು ತಿನ್ನಬಹುದು. ಕುರಿಗೆ ಹುಲಿಯನ್ನು ತಿನ್ನುವ ಬಲವಿಲ್ಲ. ಅದಕ್ಕಿರುವ ದಾರಿ ಒಂದೇ, ಒಟ್ಟಾಗಿ ನಿಂತು ಹುಲಿಗೆ ನಡೆಯಿಲ್ಲದಂತೆ ಮಾಡುವುದು. ಹಾಗಾದಾಗ ‘ಹುಲಿ ಕಟ್ಟಿದರು’ ಎನ್ನುತ್ತಾರೆ. ಬಲಹೀನರು ಒಗ್ಗಟ್ಟಿನಿಂದ ಬಲಶಾಲಿಯನ್ನು ಕಟ್ಟಿಹಾಕಿದ ಸಂದರ್ಭಕ್ಕೆ ಇದಕ್ಕಿಂತ ಒಪ್ಪುವ ಮಾತು ಯಾವ ಭಾಷೆಯಲ್ಲಿದೆಯೋ ಕಾಣೆ. ಹಂಪೆಯ ಮಂಟಪಗಳ ಹಾಸುಗಲ್ಲಿನ ಮೇಲೆ ಯಾರೋ ಕೊರೆದಿಟ್ಟ ಆಟದ ಮನೆಗಳು ಇಂದಿಗೂ ಇವೆ; ಮಾತುಗಳು ಮಾತ್ರ ಕಲ್ಲಿನ ಮೇಲೆ ನಿಲ್ಲುವುದಿಲ್ಲ.

‘ಬ್ಯಾಕ್ ಟು ಸ್ಕ್ವೇರ್ ಒನ್’ ಎಂಬ ನುಡಿಯನ್ನೂ ಈಗ ಆಫೀಸುಗಳಲ್ಲಿ ಬಹಳವಾಗಿ ಕೇಳುತ್ತೇವೆ. ಮಾಡಿದ ಕೆಲಸವೆಲ್ಲ ನೀರಾಗಿ ಮೊದಲಿನ ಜಾಗಕ್ಕೇ ಬಂದುದನ್ನು ಹೇಳುವ ಮಾತಿದು. ಕಾಲ್ಚೆಂಡಾಟದ ರೇಡಿಯೋ ವರದಿಗಳಿಂದ ಬಂದುದೆಂದು ಒಂದು ಕಥೆ ಪ್ರಚಾರದಲ್ಲಿದೆ. ೧೯೨೭ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು, ಕೇಳುಗರಿಗೆ ತಿಳಿಯಲೆಂದು, ಆಟದ ಬಯಲನ್ನು ಅಂಕೆ ಹಾಕಿದ ಮನೆಗಳಾಗಿ ಗೆರೆಯೆಳೆದು ಅಚ್ಚು ಹಾಕಿದ್ದುದು ನಿಜ. ಆದರೆ ಈ ನುಡಿಯ ಹಳೆಯ ಬಳಕೆಗಳಲ್ಲಿ ಒಂದು ೧೯೫೨ರಲ್ಲಿ ಅಲ್ಲಿಯ ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂದಿದ್ದು, ಅಲ್ಲಿ ಹಾವು ಏಣಿಯ ಆಟದ ಹೆಸರನ್ನೇ ಸ್ಪಷ್ಟವಾಗಿ ಹೇಳಿದೆ. ಹಾವು ಏಣಿಯಾದರೋ ನಮ್ಮದು. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಹಿರಿಯರು ಹಾಸಿಕೊಂಡು ಕೂಡುತ್ತಿದ್ದ ಪರಮಪದ ಸೋಪಾನಪಟವೇ ಅದು. ಅದರಲ್ಲಿ ಏಣಿಗಳು ಪುಣ್ಯ, ಹಾವುಗಳು ಪಾಪ, ಕೊನೆಯ ಮನೆ ಮೋಕ್ಷ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವ್ಯಾಪಾರಿಗಳು ಮೋಕ್ಷವನ್ನು ಬಿಟ್ಟು ಹಾವು ಏಣಿಗಳನ್ನು ಮಾತ್ರ ಅಚ್ಚು ಹಾಕಿ ಮಾರಿದರು. ಅದೇ ಸುಮಾರಿಗೆ ನಮ್ಮ ಪಚ್ಚೀಸಿಯೂ ಅಲ್ಲಿ ಲೂಡೋ ಆಯಿತು. ಲ್ಯಾಟಿನಿನಲ್ಲಿ ಅದರ ಅರ್ಥ ‘ನಾನು ಆಡುತ್ತೇನೆ’. ಹೆಸರು ಬದಲಾಯಿಸಿಕೊಂಡ ಮಗ ಪರದೇಶದಿಂದ ತವರಿಗೆ ಬಂದಂತೆ, ಎರಡೂ ಮರಳಿ ಬಂದು, ಈಗ ಕೈಯೊಳಗಿನ ಫೋನಿನಲ್ಲಿ ವಾಸವಾಗಿವೆ.

ಹೊರಗಿನವರು ಒಯ್ದರು ಎಂದು ದೂರುವುದರಲ್ಲಿ ಅರ್ಥವಿಲ್ಲ. ಒಯ್ದವರು ಕಾಪಾಡಿಕೊಂಡರು, ಇದ್ದವರು ಏನು ಮಾಡಿದೆವು ಎಂಬುದು ಪ್ರಶ್ನೆ. ನಮ್ಮಲ್ಲಿಯೂ ಕಾಪಾಡಿದವರು ಇಲ್ಲದೆ ಇರಲಿಲ್ಲ. ಅವರಲ್ಲಿ ಮೊದಲಿಗರೆಂದು ಹೇಳಬೇಕಾದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮). ೧೮೩೧ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಚದುರಂಗದ ಭಾಷೆಯಲ್ಲಿ ಹೇಳುವುದಾದರೆ ರಾಜನು ಮಣೆಯ ಮೇಲೆಯೇ ಇದ್ದನು, ನಡೆಯಿರಲಿಲ್ಲ. ಅವರ ಆಸ್ಥಾನ ಸಾಹಿತ್ಯಕ್ಕೂ ಕಲೆಗಳಿಗೂ ನೆಲೆಯಾಯಿತು. ಒಡೆಯರಿಗೆ ಮಣೆಯಾಟಗಳಲ್ಲಿ ವಿಶೇಷವಾದ ಆಸಕ್ತಿ. ಕುದುರೆಯೊಂದು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಸುತ್ತಿಬರುವ ಕಠಿನವಾದ ಸಮಸ್ಯೆಗಳನ್ನು ಅವರು ಕಟ್ಟಿದರು. ಅವುಗಳಲ್ಲಿ ಕೆಲವನ್ನು, ಹೆಜ್ಜೆಗಳ ಅಂಕೆಗಳನ್ನು ಕೂಡಿದರೆ ಸಾಲುಸಾಲಿಗೂ ಒಂದೇ ಮೊತ್ತ ಬರುವಂತೆ ಹೊಂದಿಸಿದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ಯು ಇಂತಹ ಆಟಗಳಿಗೇ ಮೀಸಲಾದ ಪುಟಗಳನ್ನು ಒಳಗೊಂಡಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಮಣೆಗಳನ್ನೇ ವರ್ಣಚಿತ್ರಗಳಾಗಿ ಬರೆಸಿದೆ. ನಮ್ಮ ಕಾಲದಲ್ಲಿ ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನಗಳನ್ನು ಏರ್ಪಡಿಸಿ, ಹೊಸ ತಲೆಮಾರಿನ ಕೈಗೆ ಅವನ್ನು ತಲುಪಿಸುವ ಕೆಲಸ ಮಾಡಿದೆ.

ಮಣೆಯನ್ನು ಗೋಡೆಯ ಮೇಲೆ ಬರೆಸಬಹುದು, ಕಾಯಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಆಟವಾಡುವಾಗಿನ ಮಾತನ್ನು ಎಲ್ಲಿಡುವುದು? ಅದು ಆಡುವ ಬಾಯಿಯಲ್ಲಿಯೇ ಇರಬೇಕು. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಬೀದಿಯಲ್ಲಿಯೇ ಕಂಡ ಒಂದು ಸಂಗತಿಯನ್ನು ಹೇಳಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಅಂದು ಮಧ್ಯಾಹ್ನ ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಎದ್ದರೆ ಕುಳಿತರೆ ಫೋನಿನಲ್ಲಿ ಲೂಡೋ ಆಡುವ ಹತ್ತು ವರ್ಷದ ಹುಡುಗನ ಕೈ ಬರಿದಾಗಿತ್ತು. ಪಕ್ಕದ ಮನೆಯ, ಎಂಬತ್ತು ದಾಟಿದ ಅಜ್ಜಿ ಅವನನ್ನು ಕರೆದು, ಕೆಂಪು ಗಾರೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆಗಳನ್ನು ಬರೆದರು. ನಾಲ್ಕು ಕಡೆಯ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿಗೆರೆ ಎಳೆದರು. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿದ ನಾಲ್ಕು ಹುಣಿಸೆಬೀಜಗಳು ಕವಡೆಯ ಬದಲು ಬಂದವು. ಬಳೆಚೂರುಗಳು ಅಜ್ಜಿಯ ಕಾಯಿ, ಅಂಗಿಯ ಗುಂಡಿಗಳು ಹುಡುಗನ ಕಾಯಿ.

“ಲೂಡೋ ತರಹವೇ ಇದೆಯಲ್ಲ ಅಜ್ಜಿ” ಎಂದ ಹುಡುಗ.

“ಲೂಡೋನೋ ಏನೋ ನಾ ಕಾಣೆ. ಇದು ಚೌಕಾಬಾರ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಗರ ಹಾಕಬಹುದು. ಯಾರ ಕಾಯನ್ನಾದರೂ ಒಂದು ಸಲ ಕಡಿಯದೆ ಹೋದರೆ ಒಳಸುತ್ತಿಗೆ ಹೋಗೋ ಹಾಗಿಲ್ಲ, ನೆನಪಿರಲಿ.”

ಆಟ ನಡೆಯಿತು. ಅಜ್ಜಿಯ ಒಂದು ಕಾಯಿಯನ್ನು ಕಡಿದ ಹುಡುಗ ಹೊರಸುತ್ತು ಮುಗಿಸಿ, ಒಳಸುತ್ತು ಮುಗಿಸಿ, ಮಧ್ಯದ ಮನೆಗೆ ಗುಂಡಿಯನ್ನು ತಂದಿಟ್ಟ.

“ಹಣ್ಣಾಯಿತು ನೋಡು ನಿನ್ನ ಕಾಯಿ” ಎಂದರು ಅಜ್ಜಿ.

“ಹಣ್ಣು ಅಂದರೆ ಔಟಾ ಅಜ್ಜಿ?”

“ಔಟಲ್ಲ ಮಗು. ಕಡಿಸಿಕೊಂಡರೆ ಔಟು. ಸುತ್ತೆಲ್ಲ ಸುತ್ತಿ, ಯಾರ ಕೈಗೂ ಸಿಕ್ಕದೆ ಮನೆ ಸೇರಿದರೆ ಹಣ್ಣು. ಕಾಯಿ ಹಣ್ಣಾಗಬೇಡವೇ?”

ಹುಡುಗ ಸ್ವಲ್ಪ ಹೊತ್ತು ಅಜ್ಜಿಯ ಮುಖವನ್ನೇ ನೋಡಿದ. ಆಮೇಲೆ, “ನಮ್ಮಮ್ಮ ನಿಮ್ಮನ್ನ ಹಣ್ಣು ಹಣ್ಣು ಮುದುಕಿ ಅಂತಾರೆ, ಅದೂ ಇದೇನಾ?” ಎಂದುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ನಾಚಿಕೆಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಜ್ಜಿಯಾದರೋ ಮನಸಾರೆ ನಕ್ಕು, “ಅದೇ ಕಣೋ. ಸರಿಯಾಗಿಯೇ ಹೇಳಿದ್ದಾಳೆ. ನನ್ನದು ಇನ್ನೊಂದು ಗರ ಬಾಕಿ, ಅಷ್ಟೆ” ಎಂದು ಬೀಜಗಳನ್ನು ಎತ್ತಿಕೊಂಡರು.

ಮಾಗಿದ ಮುಪ್ಪನ್ನು ‘ಹಣ್ಣು’ ಎನ್ನುವುದನ್ನು ತರಗತಿಯಲ್ಲಿ ರೂಪಕಾಲಂಕಾರದ ಉದಾಹರಣೆಯಾಗಿ ನಾನು ಹೇಳಿಕೊಟ್ಟಿದ್ದೇನೆ, ವಿದ್ಯಾರ್ಥಿಗಳು ಬರೆದುಕೊಂಡಿದ್ದಾರೆ. ಆ ಹುಡುಗ ಅದನ್ನು ಬರೆದುಕೊಳ್ಳಲಿಲ್ಲ, ಆದರೆ ಮರೆಯಲಾರ. ಲೂಡೋದಲ್ಲಿ ಕಾಯಿ ಮನೆ ಸೇರಿದರೆ ‘ಹೋಮ್’ ಎನ್ನುತ್ತಾರೆ. ಅದು ಸೇರಿದ ಜಾಗವನ್ನು ಹೇಳುತ್ತದೆ. ‘ಹಣ್ಣು’ ಎಂಬುದು ಸೇರಿದವನ ಸ್ಥಿತಿಯನ್ನು ಹೇಳುತ್ತದೆ. ಸುತ್ತಿ ಬಂದ ದಾರಿಯೆಲ್ಲ ಅದರೊಳಗಿದೆ. ಪರಮಪದದ ಪಟವನ್ನು ಬರೆದ ಜನ ಏನನ್ನು ಹೇಳಲು ಒಂದು ಇಡೀ ಹಾಳೆಯನ್ನು ಬಳಸಿದರೋ, ಅದನ್ನು ಚೌಕಾಬಾರದ ಹೆಂಗಸರು ಒಂದು ಮಾತಿನಲ್ಲಿ ಹೇಳಿದರು. ಇಂತಹ ಮಾತನ್ನು ಕಳೆದುಕೊಂಡರೆ ಕಳೆದುಹೋಗುವುದು ಒಂದು ಪದ ಮಾತ್ರವಲ್ಲ. ಮುಪ್ಪನ್ನು ಸೋಲೆಂದು ಎಣಿಸದೆ ಇರುವ ಒಂದು ದೃಷ್ಟಿಯೂ ಹೋಗುತ್ತದೆ. ಕಾಯಿ ಕೆಲಸಕ್ಕೆ ಬಾರದೆ ಹೋದರೆ ‘ಔಟು’ ಎಂಬ ಒಂದೇ ಮಾತನ್ನು ಬಲ್ಲ ಮಗು, ಮೂಲೆಯಲ್ಲಿ ಕುಳಿತ ಅಜ್ಜನನ್ನು ಯಾವ ಮಾತಿನಿಂದ ಎಣಿಸೀತು?

ಎಲ್ಲವೂ ಹೋಯಿತೆಂದು ಹಲುಬಬೇಕಾಗಿಲ್ಲ. ‘ಅವರ ಮುಂದಿನ ನಡೆ ಏನು?’ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ನಡೆ ಮಣೆಯ ಮಾತು. ‘ಬಡವರನ್ನು ದಾಳವಾಗಿ ಬಳಸಿಕೊಂಡರು’ ಎನ್ನುತ್ತಾರೆ. ದಾಳ ಮಣೆಯ ಮಾತು. ಇವಕ್ಕೆ ಕೆಲಸ ಸಿಕ್ಕಿತು, ಉಳಿದುಕೊಂಡವು. ಗರ, ಕಟ್ಟೆ, ಒಳಸುತ್ತು, ಹುಲಿ ಕಟ್ಟುವುದು, ಹಣ್ಣಾಗುವುದು, ಇವಕ್ಕೂ ಕೆಲಸ ಕೊಡಬಾರದೇಕೆ? ಸರಿಯಾದ ಸಮಯ ಬಂದಿಲ್ಲ ಎನ್ನಲು ‘ಇನ್ನೂ ಗರ ಬಿದ್ದಿಲ್ಲ’ ಎನ್ನಬಹುದು. ಬಹುಕಾಲ ದುಡಿದು ಸಿದ್ಧಿಗೆ ಬಂದ ಯೋಜನೆಯನ್ನು ‘ಹಣ್ಣಾಯಿತು’ ಎನ್ನಬಹುದು. ‘ಚೆಕ್’ ಎಂಬುದನ್ನು ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಚತುರಂಗದ ಬೆನ್ನು ಹತ್ತಿ ಹೊರಟು ಸಾವಿರ ವರ್ಷ ಊರೂರು ಅಲೆದು ಬಂದ ಅತಿಥಿಗೆ ಮಣೆ ಹಾಕಲೇಬೇಕು. ಮನೆಯಲ್ಲಿಯೇ ಇದ್ದವರಿಗೂ ಒಂದು ಮಣೆ ಇರಲಿ ಎಂಬುದಷ್ಟೇ ಬಿನ್ನಹ.

ವಾಚಕರಲ್ಲಿ ಒಂದು ಕೋರಿಕೆಯುಂಟು. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಬರುವ ರಜೆಯಲ್ಲಿ ಒಂದು ಮಧ್ಯಾಹ್ನ ಅವರ ಮುಂದೆ ಇಪ್ಪತ್ತೈದು ಮನೆಗಳನ್ನು ಬರೆದು ಕುಳಿತುಕೊಳ್ಳಿ. ಆಟದ ಹೆಸರನ್ನು ಕೇಳಿ. ಚೌಕಾಬಾರವನ್ನೇ ಕೆಲವು ಸೀಮೆಗಳಲ್ಲಿ ಕಟ್ಟೆಮನೆ ಎನ್ನುತ್ತಾರೆ, ಗಟ್ಟಮನೆ ಎನ್ನುತ್ತಾರೆ. ಒಂದು ಬಿದ್ದರೆ ಏನೆನ್ನುತ್ತಿದ್ದರು, ಎಂಟು ಬಿದ್ದರೆ ಏನೆನ್ನುತ್ತಿದ್ದರು, ಎರಡು ಕಾಯಿ ಒಂದೇ ಮನೆಯಲ್ಲಿ ಕೂಡಿದರೆ ಏನು ಹೆಸರು, ಸೋತವರನ್ನು ಹೇಗೆ ಹಾಸ್ಯ ಮಾಡುತ್ತಿದ್ದರು ಎಂಬುದನ್ನೆಲ್ಲ ಕೇಳಿ, ಅವರ ಬಾಯಲ್ಲಿ ಬಂದ ಹಾಗೆಯೇ, ತಿದ್ದದೆ, ಒಂದು ಪುಸ್ತಕದಲ್ಲಿ ಬರೆದಿಡಿ. ಊರಿನ ಹೆಸರನ್ನೂ ತಾರೀಖನ್ನೂ ಮರೆಯದೆ ಹಾಕಿ. ಆಟದಲ್ಲಿ ಸೋಲುವುದಕ್ಕೂ ಸಿದ್ಧರಾಗಿರಿ. ಎಂಬತ್ತರ ಕೈಗೆ ಬಾರ ಬೀಳುವಷ್ಟು ಸಲೀಸಾಗಿ ನಮ್ಮ ಕೈಗೆ ಬೀಳುವುದಿಲ್ಲ.